ಕೂರಲಾಗದ ಜಗಲಿ

ಹೆಸರಿನ ಪಕ್ಕದಲ್ಲಿ ಸಾಸಿವೆಕಾಳಿನಷ್ಟು ಹಸಿರು ಚುಕ್ಕೆಯೊಂದು ಮೂಡಿದರೆ, ಆ ಹೆಸರಿನವರು ಆ ಹೊತ್ತಿಗೆ ತಮ್ಮ ಮೊಬೈಲು ನೋಡುತ್ತಿದ್ದಾರೆ ಎಂದು ಅರ್ಥವಂತೆ. ಈ ದಿವ್ಯಜ್ಞಾನವನ್ನು ನಮ್ಮ ಕಾರ್ಖಾನೆಯವರಿಗೆಲ್ಲ ಬೋಧಿಸುವ ಹೊಣೆ ನನ್ನ ತಲೆಗೆ ಬಂತು. ಮನೆಯ ಮಿಕ್ಸಿಯಲ್ಲಿ ಮೂರನೆಯ ಗುಂಡಿ ಯಾಕಿದೆಯೆಂದು ಇಂದಿಗೂ ತಿಳಿಯದ ನಾನು ಹೀಗೆ ಅನಾಯಾಸವಾಗಿ ತಂತ್ರಜ್ಞಾನದ ಗುರುಪೀಠವನ್ನೇರಿದೆ.

ನಮ್ಮದು ಬದನಗುಪ್ಪೆಯಲ್ಲಿ ಅರಿಸಿನ ಪುಡಿ ಮಾಡುವ ಕಾರ್ಖಾನೆ; ನಾನು ಅಲ್ಲಿ ಸಿಬ್ಬಂದಿಯ ರಜೆ, ಹಾಜರಿ ನೋಡಿಕೊಳ್ಳುವವಳು. ಗುಂಡ್ಲುಪೇಟೆಯಲ್ಲಿ ಖರೀದಿ ಕೇಂದ್ರ ತೆರೆದ ಮೇಲೆ ಇಲ್ಲಿಯವರಿಗೂ ಅಲ್ಲಿಯವರಿಗೂ ಮಾತುಕತೆ ಕಡಿಮೆಯಾಯಿತೆಂದು ಮರುಗಿದ ಮ್ಯಾನೇಜರು, ಎಲ್ಲರೂ ಮೊಬೈಲಿನಲ್ಲೇ ಸೇರಿ ಹರಟುವ ಒಂದು ಆ್ಯಪ್ ತರಿಸಿ, ಅದಕ್ಕೆ 'ಜಗಲಿ' ಎಂದು ನಾಮಕರಣ ಮಾಡಿದರು. ಕೂರಲು ಬರುವುದಿಲ್ಲ, ಎಲೆಯಡಿಕೆ ಹಾಕಲು ಬರುವುದಿಲ್ಲ ಎಂಬ ಎರಡು ಕೊರತೆಗಳನ್ನು ಬಿಟ್ಟರೆ ಜಗಲಿ ಚೆನ್ನಾಗಿಯೇ ಇತ್ತು. ಎಲ್ಲರನ್ನೂ ಪ್ರೋತ್ಸಾಹಿಸಿ ಅದರ ಮೇಲೆ ಹತ್ತಿಸುವುದು ನನ್ನ ಕೆಲಸ.

ಮೊದಲ ಶಿಷ್ಯರು ಪುಡಿ ಮಾಡುವ ವಿಭಾಗದ ಮೇಸ್ತ್ರಿ ಮಾದಪ್ಪನವರು. ಯಾರಾದರೂ ಏನಾದರೂ ಬರೆದರೆ ಓದಿದ ಗುರುತಿಗೆ ಈ ಹೆಬ್ಬೆಟ್ಟಿನ ಚಿತ್ರ ಒತ್ತಿ ಎಂದು ತೋರಿಸಿದೆ. ಅವರು ಕನ್ನಡಕ ಏರಿಸಿ, ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ನನ್ನ ಮಗ ಎಬ್ಬೆಟ್ಟು ಒತ್ಬಾರ್ದು ಅಂತ ನಮ್ಮಪ್ಪ ನನ್ನ ಇಸ್ಕೂಲ್ಗೆ ಕಳ್ಸಿದ್ದು ಕಣವ್ವ. ಈಗ ನೀವೇ ಒತ್ತು ಅಂತೀರಲ್ಲ."

ಆದರೂ ಒತ್ತಿದರು, ಒತ್ತುವುದನ್ನು ಕಲಿತ ಮೇಲೆ ಬಿಡಲೂ ಇಲ್ಲ. ಸಹೋದ್ಯೋಗಿಯ ಮಾವ ತೀರಿಕೊಂಡ ಸುದ್ದಿಗೂ ಅವರದೇ ಮೊದಲ ಹೆಬ್ಬೆಟ್ಟು.

ನನ್ನ ಈ ಧರ್ಮಪ್ರಚಾರದ ಉತ್ಸಾಹ ಕಂಡು ಮ್ಯಾನೇಜರು ಸಭೆಯಲ್ಲಿ ಹೊಗಳಿದರು. ಆ ಉತ್ಸಾಹದ ಬೇರು ಎಲ್ಲಿತ್ತೆಂದು ನಿಮಗೆ ಮಾತ್ರ ಹೇಳುತ್ತೇನೆ. ಅರಿಸಿನ ಆರಿಸುವ ವಿಭಾಗದಲ್ಲಿ ತಾಯಮ್ಮ ಎಂಬವಳಿದ್ದಳು. ಹುಟ್ಟಿದ್ದು ಹರವೆ, ಮದುವೆಯಾಗಿ ಸೇರಿದ್ದು ಗುಂಡ್ಲುಪೇಟೆ ಪಕ್ಕದ ಹಂಗಳ. ವರ್ಷಗಟ್ಟಲೆ ನಾವಿಬ್ಬರೂ ಗೋದಾಮಿನ ಹಿಂದಿನ ಹೊಂಗೆಯ ನೆರಳಲ್ಲಿ ಒಟ್ಟಿಗೆ ಬುತ್ತಿ ಬಿಚ್ಚಿದವರು. ಎಷ್ಟು ತೊಳೆದರೂ ಹಳದಿ ಬಿಡದ ಬೆರಳುಗಳಿಂದ ಅವಳು ನನ್ನ ಡಬ್ಬಿಗೆ ಹುರುಳಿ ಸಾರು ಬಗ್ಗಿಸುತ್ತ, ಹೊಲಕ್ಕೆ ನುಗ್ಗಿದ ಆನೆಯಿಂದ ಹಿಡಿದು ಅತ್ತೆಯ ಮಂಡಿನೋವಿನವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ಖರೀದಿ ಕೇಂದ್ರ ತೆರೆದಾಗ, ಮನೆಗೆ ಹತ್ತಿರವೆಂದು ಅವಳಿಗೆ ಅಲ್ಲಿಗೆ ವರ್ಗವಾಯಿತು. ಅವಳಿಗೆ ಒಳ್ಳೆಯದಾಗಿತ್ತು. ಒಳ್ಳೆಯದಾದದ್ದಕ್ಕೆ ಎದುರಿಗೆ ನಿಂತು ಅಳುವುದು ಹೇಗೆ? ನಗುತ್ತಲೇ ಕಳಿಸಿಕೊಟ್ಟೆ. ಮರುದಿನ ಮಧ್ಯಾಹ್ನ ಡಬ್ಬಿ ಹಿಡಿದು ಹೊಂಗೆಯ ಬುಡದವರೆಗೆ ಹೋಗಿ ಹಿಂದಿರುಗಿದೆ. ಅಂದಿನಿಂದ ಮೇಜಿನ ಮೇಲೇ ಊಟ.

ಜಗಲಿ ಬಂದಾಗ ನಾನು ಹುಡುಕಿದ ಮೊದಲ ಹೆಸರು ಅವಳದು. ಊಟದ ಹೊತ್ತಿಗೆ ಆ ಹೆಸರಿನ ಪಕ್ಕ ಹಸಿರು ಮೂಡುತ್ತಿತ್ತು, ಮಾತಿಲ್ಲ. ಪ್ರೋತ್ಸಾಹದ ನೆಪದಲ್ಲಿ ನಾನು ದಿನವೂ "ಎಲ್ಲರದೂ ಊಟ ಆಯಿತೆ?" ಎಂದು ಬರೆಯತೊಡಗಿದೆ. ಬಹುವಚನದಲ್ಲಿ ಕೇಳಿದ ಏಕವಚನದ ಪ್ರಶ್ನೆ ಅದು. ಕಾವಲುಗಾರರಿಂದ ಮ್ಯಾನೇಜರವರೆಗೆ ಇಲ್ಲಿಯವರೆಲ್ಲರೂ ಆಯಿತೆನ್ನುತ್ತಿದ್ದರು. ಅವಳ ಚುಕ್ಕೆ ಒಂದಿಷ್ಟು ಹೊತ್ತು ಹಸಿರಾಗಿದ್ದು ಆರಿಹೋಗುತ್ತಿತ್ತು.

ಗುಂಡ್ಲುಪೇಟೆಯವರು ಜಗಲಿಗೆ ಬರುತ್ತಿಲ್ಲ, ಹೋಗಿ ಹುರಿದುಂಬಿಸಿ ಬನ್ನಿ ಎಂದು ಕಡೆಗೆ ಮ್ಯಾನೇಜರೇ ಕಳಿಸಿದರು. ಚಾಮರಾಜನಗರದಲ್ಲಿ ಬಸ್ಸು ಹತ್ತಿದವಳು ತೆರಕಣಾಂಬಿ ದಾಟುವಷ್ಟರಲ್ಲಿ ಪಾಠವನ್ನೆಲ್ಲ ಮರೆತಿದ್ದೆ. ಕೇಂದ್ರದಲ್ಲಿ ಹೇಗೋ ಒಪ್ಪಿಸಿ ಮುಗಿಸಿದೆ. ತಾಯಮ್ಮ ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಆಮೇಲೆ ಮೂಟೆಗಳ ಪಕ್ಕದಲ್ಲಿ ಟೀ ಲೋಟ ಹಿಡಿದು ಕುಳಿತಾಗ, "ದಿನಾ ನೋಡ್ತೀಯ, ಒಂದು ಮಾತೂ ಬರೆಯಲ್ಲವಲ್ಲ" ಎಂದೆ.

"ಎಲ್ಲ ಓದ್ತೀನಿ ಕಣಕ್ಕ. ಊಟ ಆಯ್ತಾ ಅಂತೀಯಲ್ಲ, ನನ್ನೇ ಕೇಳ್ತಾವಳೆ ಅಂತ ಗೊತ್ತಾಯ್ತದೆ."

"ಮತ್ತೆ ಆಯ್ತು ಅನ್ನೋಕೇನು?"

ಅವಳು ಟೀಯನ್ನು ಊದಿ ಒಂದು ಗುಟುಕು ಕುಡಿದಳು. "ಅಂದ್ಬುಟ್ರೆ ನಿನ್ ಮನ್ಸು ತುಂಬೋಯ್ತದೆ. ಆಮೇಲೆ ನೀನು ಇಲ್ಲಿಗ್ಯಾಕ್ ಬತ್ತಿದ್ದೆ?"

ಗುರುವೂ ತನ್ನ ಲೋಟದ ಟೀಯನ್ನು ಊದತೊಡಗಿದಳು.

ಗುಂಡ್ಲುಪೇಟೆಗೆ ಇನ್ನೂ ಪ್ರೋತ್ಸಾಹ ಬೇಕು, ಆಗಾಗ ಹೋಗಿಬರಬೇಕಾಗುತ್ತದೆ ಎಂದು ಮ್ಯಾನೇಜರಿಗೆ ವರದಿ ಒಪ್ಪಿಸಿದೆ. ಅವರು ಕರುಣಾಮಯಿ. "ನಿಮಗ್ಯಾಕೆ ಅಷ್ಟು ಓಡಾಟ ಮೇಡಂ? ಇನ್ಮೇಲೆ ವಿಡಿಯೊದಲ್ಲೇ ಮುಗಿಸಿಬಿಡಿ" ಎಂದರು.

ಅಂದು ಸಂಜೆಯೆಲ್ಲ ಯೋಚಿಸಿದೆ. ಮದುವೆಗೆ ಹೋಗುತ್ತೇವೆ, ತಿಥಿಗೆ ಹೋಗುತ್ತೇವೆ, ಆಸ್ಪತ್ರೆಗೆ ಕಿತ್ತಳೆಹಣ್ಣು ಹಿಡಿದು ಹೋಗುತ್ತೇವೆ. ಸುಮ್ಮನೆ ಒಬ್ಬರ ಮುಖ ನೋಡಲು ಹೋಗುವುದಕ್ಕೆ ಮಾತ್ರ ನಮ್ಮಲ್ಲಿ ಒಂದು ಹೆಸರಿಲ್ಲ, ಶಾಸ್ತ್ರವಿಲ್ಲ; ಆದ್ದರಿಂದ ಧೈರ್ಯವೂ ಇಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಎರಡು ಬಸ್ಸಿನ ದಾರಿ. ಅದನ್ನು ದಾಟಲು ನಾನು ಕಂಪನಿಯ ಅಪ್ಪಣೆಗೆ ಕಾದಿದ್ದೆ.

ಭಾನುವಾರ ಹಂಗಳದಲ್ಲಿ ಇಳಿದು ಮನೆ ಕೇಳಿಕೊಂಡು ಹೋದೆ. ಬಾಗಿಲಿಗೆ ಬಂದ ತಾಯಮ್ಮ ಬೆರಗಾದಳು.

"ಏನಕ್ಕ, ಯಾರ್ದಾರ ಮದ್ವೆಗ್ ಬಂದಿದ್ಯಾ?"

"ಇಲ್ಲ."

"ಆಫೀಸ್ ಕೆಲ್ಸವಾ?"

"ಅದೂ ಇಲ್ಲ. ನಿನ್ನ ನೋಡಬೇಕು ಅನ್ನಿಸ್ತು, ಬಂದೆ."

ಹೇಳಿ ಮುಗಿಸುವಷ್ಟರಲ್ಲಿ ನನಗೇ ನಾಚಿಕೆಯಾಗಿತ್ತು. ಅವಳು ನನ್ನ ಕೈಯಲ್ಲಿದ್ದ ಚೀಲ ಇಸಿದುಕೊಂಡು ಒಳಗೆ ನಡೆದಳು. ಹಿಂದೆಯೇ ಹೋದೆ. ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು. ಅವಳು ಅದಕ್ಕೆ ಇನ್ನೊಂದು ಚೆಂಬು ನೀರು ಹುಯ್ದಳು.