ಲಾರ್ನಾ ಹೇಳಿದ ‘ಪರವಾಗಿಲ್ಲ’

ಲಾರ್ನಾ ಸ್ಟಿಡಮ್‌ಗೆ ಓದು ನಿಧಾನ. ಒಂದು ಸಾಲು ತಲೆಗೆ ಹೋಗಲು ಉಳಿದವರಿಗಿಂತ ಹೆಚ್ಚು ಹೊತ್ತು ಬೇಕು. ಶಾಲೆಯಲ್ಲಿ ಅವಳನ್ನು ವರ್ಷಗಟ್ಟಲೆ ಹಿಂದಿನ ಕೋಣೆಯಲ್ಲಿ ಕೂರಿಸಿ ಚಿತ್ರಗಳಿಗೆ ಬಣ್ಣ ತುಂಬಿಸಿದರು. ಕೆಂಟಕಿಯ ನಮ್ಮ ಬೆಟ್ಟದ ಕಾಲೇಜು ಅಂಥವರಿಗೂ ಬಾಗಿಲು ತೆರೆದಾಗ ಮೊದಲು ಬಂದವಳು ಅವಳೇ. ಎಲ್ಲರ ಜೊತೆ ಶಿಶುಪಾಲನೆಯ ತರಗತಿಯಲ್ಲಿ ಕೂತಳು. ಬೆಳಿಗ್ಗೆ ಕಾಲೇಜಿನ ಶಿಶುವಿಹಾರದಲ್ಲಿ ಮಕ್ಕಳಿಗೆ ಬೂಟಿನ ದಾರ ಕಟ್ಟುವುದನ್ನು ಕಲಿಸಿದಳು. ಅವಳ ಜೊತೆಗಾರ್ತಿಯಾಗಿ ತರಗತಿಗೆ ಹೋಗುತ್ತಿದ್ದವಳು ನಾನು.

ವರ್ಷದ ಕೊನೆಗೆ ಒಂದು ಸಭೆ. ಮುಂದಿನ ವರ್ಷ ಲಾರ್ನಾ ಹಾಸ್ಟೆಲಿನಲ್ಲಿ ಇರುವುದೋ, ಅಜ್ಜಿ ಹೆಸ್ಟರ್ ಮನೆಯಿಂದಲೇ ಬಸ್ಸಿನಲ್ಲಿ ಬರುವುದೋ ಎಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು. ಖಾಲಿ ಇದ್ದದ್ದು ಒಂದೇ ಕೋಣೆ. ಚಳಿಗಾಲದಿಂದಲೂ ಲಾರ್ನಾ ನನ್ನ ಬಳಿ ಆ ಕೋಣೆಯದೇ ಮಾತಾಡುತ್ತಿದ್ದಳು. ಸಭೆಯ ನಿಯಮವೆಂದರೆ, ಅದನ್ನು ನಡೆಸುವವಳು ವಿದ್ಯಾರ್ಥಿನಿಯೇ. ಅವಳ ಪರವಾಗಿ ಬೇರೆ ಯಾರೂ ಉತ್ತರ ಕೊಡುವಂತಿಲ್ಲ.

ಆ ವರ್ಷ ಮಿನೆಸೋಟದಿಂದ ಬಂದಿದ್ದ ಡೆರೆಕ್ ಎಂಬವರು ಲಾರ್ನಾಳಂಥವರ ಓದು, ವಸತಿಗಳ ಮೇಲ್ವಿಚಾರಕರು.

“ಲಾರ್ನಾ, ಹಾಸ್ಟೆಲಲ್ಲಿ ಇರ್ತೀಯಾ?” ಎಂದು ಕೇಳಿದರು.

“ಪರವಾಗಿಲ್ಲ ಸರ್.”

“ಸರಿಯಮ್ಮ, ಬಲವಂತ ಏನಿಲ್ಲ. ಮನೆಯಿಂದಲೇ ಬಾ. ಆ ರೂಮು ಬೇರೆಯವರಿಗೆ ಕೊಡ್ತೀನಿ.”

ನಮ್ಮ ಬೆಟ್ಟಗಳಲ್ಲಿ ‘ಪರವಾಗಿಲ್ಲ’ ಎಂದರೆ ಖುಷಿಯಿಂದ ಒಪ್ಪಿದೆ ಎಂದರ್ಥ. ‘ಬೇಕು’ ಎಂದು ನೇರವಾಗಿ ಹೇಳುವುದು ಹೊಟ್ಟೆಬಾಕರ ಲಕ್ಷಣ ಎಂದೇ ನಮ್ಮನ್ನು ಬೆಳೆಸಿದ್ದಾರೆ. ಡೆರೆಕ್ ಅವರ ಊರಿನಲ್ಲಿ ಅದೇ ಮಾತು ‘ಬೇಡ’ ಎಂದಾಗುತ್ತದೆ. ನಾಲಿಗೆಯ ತುದಿಗೆ ಬಂದದ್ದನ್ನು ನಾನು ನುಂಗಿಕೊಂಡೆ. ಲಾರ್ನಾಳ ಪಕ್ಕದಲ್ಲಿದ್ದ ಹೆಸ್ಟರಜ್ಜಿಗೂ ಅರ್ಥವಾಗಿತ್ತು, ಆದರೆ ಮೊಮ್ಮಗಳು ಮನೆಯಲ್ಲೇ ಇರಲಿ ಎಂದಿದ್ದ ಅವರು ಕಿಟಕಿಯ ಕಡೆ ನೋಡುತ್ತ ಕೂತರು.

ಲಾರ್ನಾ ಹುಬ್ಬು ಗಂಟಿಕ್ಕಿ ಯೋಚಿಸಿದಳು. ಅಷ್ಟರಲ್ಲಿ ಡೆರೆಕ್ ಮುಂದಿನ ವಿಷಯಕ್ಕೆ ಹೋಗಿದ್ದರು.

“ನಿಲ್ಸಿ ಸರ್. ನಾನು ಹೂಂ ಅಂದೆ.”

“ಪರವಾಗಿಲ್ಲ ಅಂದ್ಯಲ್ಲಮ್ಮ?”

“ಅದೇ. ಹೂಂ ಅಂತ.”

ಅಜ್ಜಿ ಬಾಯಿ ಹಾಕಿದರು. “ಸುಮ್ನಿರೇ ಪುಟ್ಟಿ. ಅಲ್ಲಿ ನಿನ್ನ ಬಟ್ಟೆ ಯಾರು ಒಗೀತಾರೆ? ಬೆಳಿಗ್ಗೆ ಯಾರು ಎಬ್ಬಿಸ್ತಾರೆ?”

“ಬೆಳಿಗ್ಗೆ ನಿನ್ನನ್ನ ಎಬ್ಬಿಸೋದೇ ನಾನು ಅಜ್ಜಿ. ಇದು ನನ್ನ ಮೀಟಿಂಗು. ನೀನು ಆಮೇಲೆ ಮಾತಾಡು.”

ಅಜ್ಜಿ ನಗು ತಡೆಯಲು ಕೆಮ್ಮಿದರು. ಡೆರೆಕ್ ಪೆಚ್ಚಾಗಿದ್ದರು. “ತಪ್ಪು ನಂದೇ. ಒಂದು ವಾರ ತಗೋ, ಮನೇಲಿ ಮಾತಾಡ್ಕೊಂಡು ಬಂದು ಹೇಳು.”

“ಯೋಚ್ನೆ ಮಾಡಾಗಿದೆ. ಇನ್ನೊಂದ್ಸಲ ಕೇಳಿ. ನಿಮ್ಮೂರಿನ ಥರ ಹೇಳ್ತೀನಿ.”

ಅವರು ಮತ್ತೆ ಕೇಳಿದರು.

“ಬೇಕು,” ಎಂದಳು ಲಾರ್ನಾ. ಅವಳ ಕಿವಿಗಳು ಕೆಂಪೇರಿದ್ದವು. ಆದರೂ ತಲೆ ತಗ್ಗಿಸಲಿಲ್ಲ. “ನಂಗೆ ಆ ರೂಮು ಬೇಕು.”

ಪಟ್ಟಿಯಲ್ಲಿ ಆ ಕೋಣೆಯ ಮುಂದೆ ಡೆರೆಕ್ ಅವಳ ಹೆಸರು ಬರೆದರು. ಅವರ ಪೆನ್ನು ನಿಲ್ಲುವವರೆಗೆ ಅವಳು ಕಣ್ಣು ಕೀಳಲಿಲ್ಲ. ಆಮೇಲೆ ಪಕ್ಕಕ್ಕೆ ತಿರುಗಿದಳು.

“ಈಗ ಹೇಳಜ್ಜಿ.”



“ಪ್ರತಿ ಶುಕ್ರವಾರ ಸಂಜೆ ಮನೆಗೆ ಬಾ. ಬೀನ್ಸ್ ಬೇಯಿಸಿರ್ತೀನಿ,” ಎಂದರು ಹೆಸ್ಟರಜ್ಜಿ. “ತಡ ಮಾಡಿದ್ರೆ ನಾಯಿಗೆ ಹಾಕ್ತೀನಿ.”