ದಾರಿ ಬಿಡ್ರಿ

ಎಪ್ಪತ್ತರ ದಶಕದಲ್ಲಿ ಭಾಂಡುಪ್‌ನ ನಮ್ಮ ಚಾಳಿನಲ್ಲಿ ಎಲ್ಲರೂ "ಊಟ ಆತೇನ್ರಿ?" ಅಂತ ಕೇಳಿದರೆ, ಪಕ್ಕದ ಖೋಲಿಯ ವಿಜಾಪುರದವರೊಬ್ಬರು ಮಾತ್ರ "ನೀರು ಕುಡದ್ರೇನ್ರಿ?" ಅನ್ನುತ್ತಿದ್ದರು. ತಿಂದದ್ದರಲ್ಲಿನ ಯಾವುದೋ ಅಂಶ ಮೂತ್ರದಲ್ಲಿ ಹರಳಾಗಿ ನಿಲ್ಲುವ ಅಪರೂಪದ ಕಾಯಿಲೆ ಅವರ ಮನೆತನದಲ್ಲೇ ಇತ್ತು. ಸೋಡಾ ಪುಡಿ ತಗೊಂಡು ದಿನವಿಡೀ ನೀರು ಕುಡಿಯುವುದೇ ಮದ್ದು ಎಂದು ಡಾಕ್ಟರು ಹೇಳಿದ್ದರು. ಕೆಲಸಕ್ಕೆ ಹೋಗುವಾಗ ಲೋಕಲ್ ರೈಲಿನಲ್ಲಿ ತಡೆಯಲಾಗದೆ ದಿನಾ ಸಯನ್‌ನಲ್ಲಿ ಇಳಿದು, ಹಗುರಾಗಿ, ಮುಂದಿನ ಗಾಡಿ ಹಿಡಿಯುತ್ತಿದ್ದರು. ಅದರಲ್ಲಿ ನಾಚುವಂಥದ್ದೇನೂ ಅವರಿಗೆ ಕಾಣುತ್ತಿರಲಿಲ್ಲ.

ಅವರ ತಂಗಿಗೂ ಅದೇ ಕಾಯಿಲೆ. ಅವಳನ್ನು ನೋಡಲು ಮಲಾಡ್‌ನಿಂದ ಗಂಡಿನವರು ಬಂದ ದಿನ, ತಾಯಿ ಬೆಳಿಗ್ಗೆಯಿಂದ ಅವಳಿಗೆ ನೀರು ಕುಡಿಯಗೊಟ್ಟಿರಲಿಲ್ಲ. ಪಾಯಖಾನೆ ಇದ್ದದ್ದು ಗ್ಯಾಲರಿಯ ಆ ತುದಿಯಲ್ಲಿ. ಬಂದವರ ಎದುರಿಗೆ ಹುಡುಗಿ ಡಬ್ಬಿ ಹಿಡಿದು ಹೋಗುವುದುಂಟೇ?

ಚಹಾ ತಂದ ತಂಗಿಯ ಒಣಗಿದ ತುಟಿ ನೋಡಿ ಅಣ್ಣ ಎದ್ದರು. ತಂಬಿಗೆ ತುಂಬಿ ತಂದು ಅವಳ ಕೈಗೆ ಕೊಟ್ಟರು.

"ನೀರು ಕುಡದೀಯೇನವಾ? ಮೊದಲ ಇದನ್ನ ಕುಡಿ."

ಹುಡುಗನ ತಾಯಿ ಯಾಕೆ ಎಂದು ಕೇಳಿದರು.

"ನಮ್ಮಿಬ್ಬರಿಗೂ ಹುಟ್ಟಿದಾಗಿಂದ ಹರಳಿನ ಬ್ಯಾನಿ ಐತ್ರಿ. ನೀರು ಬಿಟ್ರ ಆಗೂದಿಲ್ಲ."

ಹುಡುಗಿಯ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತಂಗಿ ತಂಬಿಗೆ ಖಾಲಿ ಮಾಡಿದಳು. ಸ್ವಲ್ಪ ಹೊತ್ತಿಗೆ ಅಣ್ಣನ ಮುಖ ನೋಡಿದಳು. ಅವರು ಮೂಲೆಯ ಡಬ್ಬಿಗೆ ತಾವೇ ನೀರು ತುಂಬಿಕೊಂಡು, "ಸ್ವಲ್ಪ ದಾರಿ ಬಿಡ್ರಿ," ಎಂದು ಮುಂದೆ ನಡೆದರು. ತಂಗಿ ಹಿಂದೆ ಬಂದಳು.

ಬಾಗಿಲ ತನಕ ಹಾಸಿದ್ದ ಚಾಪೆಯ ಮೇಲೆ ಕೂತ ಗಂಡಿನವರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಕಾಲು ಮಡಚಿಕೊಂಡವನು ಹುಡುಗ.