ಗೇರಿಗೆ ಕಟ್ಟಿದ ಖಡಕ್ ರೊಟ್ಟಿ

ಸಂಶಿಯ ತಿರಕಪ್ಪನ ಎಡಗೈಗೆ ಅದರದೇ ಒಂದು ಬುದ್ಧಿ ಇತ್ತು. ಇಳಿಜಾರು ಕಂಡರೆ ಸಾಕು, ತಲೆಯನ್ನು ಕೇಳದೆ ಗೇರಿಗೆ ಹೋಗಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿಬಿಡುತ್ತಿತ್ತು. ರೈಲ್ವೆ ಗೇಟು ಬಿದ್ದರೂ ಅಷ್ಟೇ. ಮೂವತ್ತನಾಲ್ಕು ವರ್ಷದ ರೂಢಿ. ಮೊದಲು ಮೆಣಸಿನಕಾಯಿ ಚೀಲ ಹೇರುವ ಟೆಂಪೋ, ಆಮೇಲೆ ಮಲ್ಲಕ್ಕನ ಮನೆಯ ಜೀಪು. ಯಾವುದನ್ನು ಹೊಡೆದರೂ ಏರಿನಲ್ಲಿ ಕಳೆದದ್ದನ್ನು ಇಳಿಜಾರಿನಲ್ಲಿ ಉಳಿಸಬೇಕು ಎಂಬುದು ಅವನ ನೇಮ. "ಇಳಿಜಾರ ಅಂದ್ರ ದೇವರು ಪುಕ್ಕಟ ಕೊಟ್ಟ ಡೀಸೆಲ್ ರೀ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಮಲ್ಲಕ್ಕನ ಮನೆ ಊರಲ್ಲಿ ದೊಡ್ಡ ಮನೆತನ. ಆಕೆಯ ಮೂವರು ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಬಿಟ್ಟುಬಂದವನು ತಿರಕಪ್ಪ. ಪ್ರತಿ ಸಲವೂ ಹೆತ್ತವ್ವನಿಗಿಂತ ಹೆಚ್ಚು ಅತ್ತವನೂ ಅವನೇ. ಕನ್ನಡಿಯಲ್ಲಿ ಅವನ ಕಣ್ಣು ನೋಡಿ ಮಲ್ಲಕ್ಕ, "ಲೇ ತಿರಕಪ್ಪ, ರಸ್ತಾ ಕಾಣಸ್ತೈತೇನೋ?" ಎಂದು ಬೈಯುತ್ತಿದ್ದಳು. ಆ ಮನೆಯ ಸ್ಟೇರಿಂಗು ಬಿಟ್ಟರೆ ಅವನಿಗೆ ಬೇರೆ ಜಾಗ ಗೊತ್ತಿರಲಿಲ್ಲ.

ಈ ವರ್ಷ ಮಲ್ಲಕ್ಕನ ಮಗ ಸಂಗನಬಸವ ಜೀಪು ಕೊಟ್ಟು ಹೈಬ್ರಿಡ್ ಕಾರು ತಂದ. ತಿರಕಪ್ಪ ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಗುಂಡಿ ಒತ್ತಿದ. ಸಪ್ಪಳವಿಲ್ಲ. ಮತ್ತೆ ಒತ್ತಿದ.

"ಸಾವ್ಕಾರ್ರ, ಜೀವ ಇಲ್ಲರಿ ಇದಕ."

"ಚಾಲೂನ ಐತಿ ಕಾಕಾ! ಬ್ಯಾಟರಿ ಮ್ಯಾಲ ಐತಿ. ಚಾರ್ಜ್ ತಾನ ಮಾಡ್ಕೋತೈತಿ, ಕರೆಂಟಿಗೆ ಹಚ್ಚೂದು ಬ್ಯಾಡ."

ಅಷ್ಟರಲ್ಲಿ ನಿಂತ ಗಾಡಿಯ ಇಂಜಿನ್ನು ಯಾರೂ ಮುಟ್ಟದೆ ತಾನೇ ಗುರ್ ಎಂದಿತು. ತಿರಕಪ್ಪ ಎರಡೂ ಕೈ ಮೇಲೆತ್ತಿ, "ನಾ ಏನೂ ಮಾಡಿಲ್ಲರಿ!" ಎಂದ. ಎಲ್ಲರೂ ನಕ್ಕರು. ಹೇಗೆ ಎಂದು ಕೇಳಲು ಅವನಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಗಾಡಿ ಹೊಡೆದವನು ಏನೆಂದು ಕೇಳುವುದು?

ಆ ನಾಚಿಕೆಗೆ ಏಪ್ರಿಲ್ ತಿಂಗಳಲ್ಲಿ ದಂಡ ಬಿತ್ತು. ಮಲ್ಲಕ್ಕನನ್ನು ಹಿಂದೆ ಕೂರಿಸಿಕೊಂಡು ಹೊರಟಾಗ ರೈಲ್ವೆ ಗೇಟು ಬಿತ್ತು. ಒಂದಲ್ಲ, ಎರಡು ರೈಲು ದಾಟಬೇಕಿತ್ತು. ಎಡಗೈ ತನ್ನ ಪಾಡಿಗೆ ನ್ಯೂಟ್ರಲ್ ಹಾಕಿತು. ಎಸಿ ಜೋರಾಗಿ ಓಡುತ್ತಿತ್ತು. ಅರ್ಧ ಗಂಟೆಯ ಮೇಲೆ ಗೇಟು ತೆಗೆದರೆ, ಎದುರಿನ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿದವು, ಗಾಡಿ ಅಲುಗಲಿಲ್ಲ. ಇಂಗ್ಲಿಷ್ ಅವನಿಗೆ ಬಾರದು. ಗಾಬರಿಯಲ್ಲಿ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದ. ಹಿಂದಿನ ಲಾರಿಯವರು ಹಾರನ್ ಹೊಡೆದರು, ಬೈದರು, ಕೊನೆಗೆ ಇಳಿದು ಬಂದು ಕಾರನ್ನು ಬಾಜೂಕ ನೂಕಿದರು. ಮಲ್ಲಕ್ಕ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಕುಳಿತಿದ್ದಳು. ತಿರಕಪ್ಪನ ಗಾಡಿಯನ್ನು ಮಂದಿ ನೂಕಿದ್ದು ಅದೇ ಮೊದಲು.

ಸಂಗನಬಸವ ಸಿಟ್ಟು ಮಾಡಲಿಲ್ಲ. ಅದೇ ಹೆಚ್ಚು ಚುಚ್ಚಿತು. "ಕಾಕಾ, ನಿನಗೂ ವಯಸ್ಸಾತು. ಸೋಮವಾರದಿಂದ ಹುಬ್ಬಳ್ಳಿಯಿಂದ ಒಬ್ಬ ಡ್ರೈವರ್ ಬರ್ತಾನ. ಐತವಾರ ಕಲಘಟಗಿಗೆ ಹೋಗಿ ತಂಗಿ ಅಮೃತಾನ ಕೂಸಿನ ತೊಟ್ಟಿಲಾ ತರೂದೈತೆಲ್ಲ, ಅದೊಂದು ನೀನ ಹೊಡಿ. ನಾನೂ ಅವ್ವನೂ ಬರ್ತೇವಿ."

ಮರುದಿನವೇ ತಿರಕಪ್ಪ ಕುಂದಗೋಳಕ್ಕೆ ಹೋದ. ಅಲ್ಲಿ ಬ್ಯಾಟರಿ ಅಂಗಡಿಯ ರಸೂಲಸಾಬ ಅವನ ಹಳೆಯ ಗೆಳೆಯ. ಅವನ ಮುಂದೆ ನಾಚಿಕೆ ಇರಲಿಲ್ಲ.

"ಲೇ ತಿರಕಪ್ಪಾ, ಇದರಾಗ ಎರಡ ಜೀವ ಅದಾವ" ಎಂದ ರಸೂಲಸಾಬ. "ಒಂದು ಪೆಟ್ರೋಲ್ ಇಂಜಿನ್ನು, ಒಂದು ಕರೆಂಟಿನ ಮೋಟರು. ಇಂಜಿನ್ನು ಗಾಲಿ ತಿರಗಸ್ತೈತಿ, ಜೋಡೀಲೆ ಜನರೇಟರೂ ತಿರಗಸ್ತೈತಿ. ಅಲ್ಲಿ ಹುಟ್ಟಿದ ಕರೆಂಟು ಬ್ಯಾಟರ್‍ಯಾಗ ಕುಂದರ್ತೈತಿ. ಸಾವಕಾಶ ಹೋಗೂ ಮುಂದ ಇಂಜಿನ್ನು ಮಲಗ್ತೈತಿ, ಬ್ಯಾಟರೀನ ಗಾಡಿ ಎಳೀತೈತಿ. ಇಳಿಜಾರಿನ್ಯಾಗ ಉರುಳೂ ಗಾಲೀನ ಮೋಟರ್ ತಿರುಗಿಸಿ ಕರೆಂಟ್ ಹುಟ್ಟಸ್ತೈತಿ. ನೀ ನ್ಯೂಟ್ರಲ್ ಹಾಕಿದಿ ಅಂದ್ರ ಈ ಸಂಬಂಧಾನ ಕಡದಂಗ."

"ನಿಂತ ಗಾಡ್ಯಾಗ ಇಂಜಿನ್ ಯಾಕೋ ಸುಮ್ನ ಉರೀಬೇಕು?"

"ಸುಮ್ನ ಉರಿಯೂದಿಲ್ಲಲೇ, ಬ್ಯಾಟರಿ ತುಂಬತೈತಿ!"

ಮಾತು ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಮನೆಗೆ ಬಂದರೆ ಹೆಂಡತಿ ರೇಣುಕವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಿರಕಪ್ಪ ಬಾಜೂಕ ಕುಳಿತು, ಕೇಳಿದ್ದನ್ನೆಲ್ಲ ಬಿಡದೆ ಹೇಳಿದ. ಅವಳು ಬೆಂದ ರೊಟ್ಟಿಯನ್ನು ಒಲೆಯ ಬದಿಗೆ ಆನಿಸಿಟ್ಟಳು.

"ಅಲ್ರಿ, ನಾ ಒಲಿ ಹೊತ್ತಿಸಿದ್ರ ಬರೇ ನಿಮ್ಮ ಊಟಕ್ಕ ಎರಡ ರೊಟ್ಟಿ ಬಡದ ಆರಸ್ತೇನೇನು?"

"ಇಲ್ಲ. ಇಪ್ಪತ್ತ ಬಡೀತಿ."

"ಯಾಕ?"

"ಒಣಗಿಸಿ ಖಡಕ್ ಮಾಡಿ ಬುಟ್ಯಾಗ ಇಡಾಕ."

"ಬುಟ್ಟಿ ತುಂಬಿದ್ರ?"

"ಎರಡ ದಿನ ಒಲಿ ಹಚ್ಚೂದಿಲ್ಲ."

"ಮತ್ತ? ನಿಮ್ಮ ಇಂಜಿನ್ನೂ ನನ್ನಂಗ ಸಂಸಾರಸ್ತ ಹೆಂಗಸು. ಹೆಂಗೂ ಒಲಿ ಹೊತ್ತೈತಿ ಅಂತ ನಾಕ ಹೆಚ್ಚಿಗಿ ಬಡದ ಬುಟ್ಟಿ ತುಂಬತೈತಿ. ನೀವು ನಡುವ ಹೋಗಿ ಹಂಚ ಇಳಿಸಿಬಿಟ್ಟೀರಿ. ಒಲಿ ಉರೀತೈತಿ, ರೊಟ್ಟಿ ಬೇಯೂದಿಲ್ಲ. ಬುಟ್ಯಾಂದು ಮಾತ್ರ ಎಲ್ಲಾರೂ ತಿನ್ನಾಕತ್ತಾರ. ಆ ತಂಪಗಾಳಿ ಮಷೀನಂತೂ ನಿಮ್ಮ ತಮ್ಮನಂಗ ತಿಂತೈತಿ!"

ತಿರಕಪ್ಪ ಬುಟ್ಟಿ ನೋಡಿದ. ಆಮೇಲೆ ತನ್ನ ಎಡಗೈ ನೋಡಿಕೊಂಡ. "ತಿಳೀತು. ಆದ್ರ ಈ ಕೈಗೆ ಯಾರು ಹೇಳವ್ರು?"

"ಅದಕ್ಕ ನಾ ಹೇಳ್ತೇನಿ ಬಿಡ್ರಿ" ಎಂದಳು ರೇಣುಕವ್ವ.

ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ಅವಳು ಬಂದು, ಹಪ್ಪಳದಂಥ ನಾಲ್ಕು ಖಡಕ್ ರೊಟ್ಟಿಗಳನ್ನು ಕಾಗದದ ಚೀಲದಲ್ಲಿ ಹಾಕಿ ಗೇರಿನ ಹಿಡಿಕೆಗೆ ದಾರದಿಂದ ಕಟ್ಟಿದಳು. ಪಕ್ಕದಲ್ಲಿ ಕುಳಿತ ಸಂಗನಬಸವ, "ಇದೇನವಾ ರೇಣುಕಕ್ಕ, ದೃಷ್ಟಿಗೇನು?" ಎಂದ.

"ಹೌದ್ರಿ. ಇವರ ಕೈಯಿಂದು."

ಕಲಘಟಗಿ ದಾರಿಯಲ್ಲಿ ಗದ್ದೆ, ಕಬ್ಬು, ಗಿಡಗಂಟಿ, ನಡುನಡುವೆ ಏರಿಳಿತ. ಮೊದಲ ಇಳಿಜಾರು ಬಂತು. ಎಡಗೈ ಹೋಯಿತು. ಚರಕ್! ಸುಟ್ಟವನಂತೆ ಕೈ ಹಿಂದೆಳೆದುಕೊಂಡ. ಕಾಲನ್ನು ಎಕ್ಸಿಲರೇಟರಿನಿಂದ ತೆಗೆದು ಸುಮ್ಮನೆ ಕುಳಿತ. ಯಾರೋ ಹಿಂದಿನಿಂದ ಮೆಲ್ಲಗೆ ಜಗ್ಗಿದಂತೆ ಗಾಡಿ ಭಾರವಾಯಿತು. ಹಿಂದೆಲ್ಲ ಈ ಭಾರವನ್ನೇ ಅವನು ನಷ್ಟ ಅನ್ನುತ್ತಿದ್ದ. ಈಗ ಪರದೆಯ ಮೇಲೆ ಬ್ಯಾಟರಿಯ ಒಂದು ಗೆರೆ ಏರಿತು. ಎರಡನೆಯ ಇಳಿಜಾರಿಗೆ ಮತ್ತೆ ಚರಕ್. ಮೂರನೆಯದಕ್ಕೂ. ಹಿಂದಿನ ಸೀಟಿನಲ್ಲಿ ಮಲ್ಲಕ್ಕ ನಗು ತಡೆಯಲು ಬಾಯಿಗೆ ಸೆರಗು ಹಿಡಿದಿದ್ದಳು.

ಬಿಚ್ಚಿದ ತೊಟ್ಟಿಲಿನ ಬಣ್ಣದ ತುಂಡುಗಳನ್ನು ಸೀರೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟು ತಿರುಗಿ ಬರುವಾಗ ಕೈ ಎರಡೇ ಸಲ ತಪ್ಪಿತು. ಊರು ಹತ್ತಿರ ಬಂತು. ಅದೇ ರೈಲ್ವೆ ಗೇಟು ಬಿದ್ದಿತ್ತು.

ತಿರಕಪ್ಪ ಬ್ರೇಕ್ ಒತ್ತಿ ನಿಂತ. ಎಡಗೈ ಎದ್ದಿತು, ಅರ್ಧ ದಾರಿಯಲ್ಲಿ ಚೀಲ ಕಂಡಿತು, ತಾನಾಗಿ ಹಿಂದೆ ಬಂದು ತೊಡೆಯ ಮೇಲೆ ಕುಳಿತಿತು. ಸಂಗನಬಸವ ಪರದೆಯನ್ನೇ ನೋಡುತ್ತಿದ್ದ. ಎಸಿ ಓಡಿತು. ಬ್ಯಾಟರಿಯ ಗೆರೆ ಒಂದು ಇಳಿಯಿತು, ಎರಡು ಇಳಿಯಿತು. ಒಂದು ರೈಲು ದಾಟಿತು. ಗೇಟು ತೆಗೆಯಲಿಲ್ಲ.

ಆಗ ಇಂಜಿನ್ನು ತಾನೇ ಗುರ್ ಎಂದು ಎದ್ದಿತು. ನಿಂತಲ್ಲೇ ಗುನುಗತೊಡಗಿತು. ತಿರಕಪ್ಪ ಸ್ಟೇರಿಂಗಿನ ಕಡೆ ಬಾಗಿ, ಯಾರಿಗೂ ಕೇಳದಷ್ಟು ಮೆಲ್ಲಗೆ, "ಬಡಿ ತಂಗಿ, ನಾಕ ಹೆಚ್ಚಿಗೇನ ಬಡಿ" ಎಂದ. ಇಳಿದ ಗೆರೆಗಳು ಒಂದೊಂದಾಗಿ ಮೇಲೇರಿದವು.

ಮಲ್ಲಕ್ಕನಿಗೆ ಕೇಳಿಸಿಬಿಟ್ಟಿತ್ತು. "ಯಾರ ಜೋಡಿ ಮಾತೋ?"

"ಇಂಜಿನ್ ಜೋಡಿ ರೀ ಅವ್ವಾರ."

ಗೇಟು ತೆರೆಯಿತು. ಕಾರು ಸಪ್ಪಳವಿಲ್ಲದೆ ಹಳಿ ದಾಟಿತು. ಸಂಗನಬಸವ ಕೈ ಚಾಚಿ ಗೇರಿನ ಚೀಲ ಬಿಚ್ಚಿದ. ಒಳಗೆ ಒಂದು ರೊಟ್ಟಿಯೂ ಇಡಿಯಾಗಿ ಉಳಿದಿರಲಿಲ್ಲ. ಒಂದು ಚೂರು ಅವ್ವನಿಗೆ ಕೊಟ್ಟು, ಒಂದನ್ನು ತಾನು ಬಾಯಿಗೆ ಹಾಕಿಕೊಂಡು ಕುರುಂ ಕುರುಂ ತಿಂದ.

"ಕಾಕಾ, ಇವು ಪುಡಿ ಆದ್ವು. ನಾಳೆ ಸೋಮವಾರ ಗಾಡಿ ಹೊಡ್ಯಾಕ ಬರೂ ಮುಂದ ರೇಣುಕಕ್ಕನ ಕಡೆ ಹೊಸಾವ ಕಟ್ಟಿಸ್ಕೊಂಡ ಬಾ."

ತಿರಕಪ್ಪ ತೋಳಿನಿಂದ ಕಣ್ಣು ಒರೆಸಿಕೊಂಡ. ಹಿಂದಿನಿಂದ ಮಲ್ಲಕ್ಕ ಕನ್ನಡಿ ನೋಡಿ ಬೈದಳು:

"ಲೇ ತಿರಕಪ್ಪ, ರಸ್ತಾ ಕಾಣಸ್ತೈತೇನೋ?"